ಒಂದು ದ್ವೀಪ, ಎರಡು ಹೆಸರು

ಐರ್ಲೆಂಡಿನ ಪಶ್ಚಿಮ ತುದಿಯಲ್ಲಿ, ಕೆರಿ ಕೌಂಟಿಯ ಕಡಲಂಚಿನಲ್ಲಿ ದೂನ್ ಖೀನ್ ಅನ್ನುವ ಪುಟ್ಟ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಇದೆ. ಇಂಗ್ಲಿಷ್ ನಕ್ಷೆಯಲ್ಲಿ ಅದೇ ಡನ್‌ಕ್ವಿನ್. ಅಲ್ಲಿಯ ದಡದಿಂದ ಒಂದು ದ್ವೀಪ ಕಾಣುತ್ತದೆ. ಹಣೆ, ಎದೆ, ಹೊಟ್ಟೆ, ಕಾಲು ಎಲ್ಲ ಸೇರಿ ಅಂಗಾತ ಮಲಗಿದ ಮನುಷ್ಯನ ಹಾಗೆ. ನಕ್ಷೆಯಲ್ಲಿ ಅದರ ಹೆಸರು ಇನಿಷ್‌ಟೂಸ್ಕರ್ಟ್, ಅಂದರೆ ಉತ್ತರದ ದ್ವೀಪ. ಜನ ಕರೆಯುವುದು ಅನ್ ಫಾರ್ ಮರವ್, ಅಂದರೆ ಸತ್ತ ಮನುಷ್ಯ.

ಅದರ ಫೋಟೋ ನೋಡಿದ ದಿನದಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಮೊದಲ ಹೆಸರು ದಿಕ್ಕು ಹೇಳುತ್ತದೆ. ಎರಡನೆಯದು ದಡದಲ್ಲಿ ನಿಂತು ದಿನಾ ಅದನ್ನೇ ನೋಡಿದವರ ಕಣ್ಣಿನಿಂದ ಬಂದದ್ದು. ಬೇರೆ ಕಡೆಯಿಂದ ದೋಣಿಯಲ್ಲಿ ಬಂದವರಿಗೆ ಅಲ್ಲಿ ಮನುಷ್ಯನೇ ಕಾಣಲಿಕ್ಕಿಲ್ಲ, ಅಲ್ವಾ?

1824ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ಐರ್ಲೆಂಡಿನ ಸರ್ವೆ ಶುರು ಮಾಡಿತು. ತೆರಿಗೆ ಹಾಕಲು ನೆಲದ ಲೆಕ್ಕ ಬೇಕಿತ್ತು. ಮೈಲಿಗೆ ಆರು ಇಂಚಿನ ನಕ್ಷೆ, ಅದರಲ್ಲಿ ಪ್ರತಿ ಟೌನ್‌ಲ್ಯಾಂಡಿನ (ಅಲ್ಲಿಯ ನೆಲದ ಲೆಕ್ಕದ ಚಿಕ್ಕ ವಿಭಾಗ) ಹೆಸರು. ಅರವತ್ತು ಸಾವಿರಕ್ಕೂ ಜಾಸ್ತಿ! 1830ರಲ್ಲಿ ಈ ಕೆಲಸಕ್ಕೆ ಸೇರಿದ ಜಾನ್ ಓ'ಡೊನೊವನ್ ಅವರಿಗೆ ಐರಿಷ್ ಚೆನ್ನಾಗಿ ಗೊತ್ತಿತ್ತು. ಊರೂರು ಸುತ್ತಿ, ಹಿರಿಯರ ಬಾಯಿಂದಲೇ ಹೆಸರು ಕೇಳುತ್ತಿದ್ದರು. ಹೆಸರುಗಳನ್ನು ಬರೆದಿಡುವ ಸರ್ವೆಯ ಪುಸ್ತಕಗಳಲ್ಲಿ ಒಂದೇ ಜಾಗಕ್ಕೆ ನಾಲ್ಕಾರು ಕಾಗುಣಿತ ಇರುತ್ತಿತ್ತು. ಯಾವುದು ಎಲ್ಲಿಂದ ಬಂತು ಅಂತಲೂ ಪಕ್ಕದಲ್ಲೇ ಗುರುತು. ಈ ಶಿಸ್ತಿನ ಮೇಲೆ ನನಗೆ ತುಂಬಾ ಗೌರವ.

ಆದರೆ ಅಚ್ಚಾದ ನಕ್ಷೆಗೆ ಉಳಿದದ್ದು ಇಂಗ್ಲಿಷ್ ಕಾಗುಣಿತದ ಒಂದೇ ರೂಪ. ಐರಿಷಿನಲ್ಲಿ 'ಕಿಲ್' ಅಂದರೆ ಚರ್ಚು, 'ಕ್ವಿಲ್' ಅಂದರೆ ಕಾಡು. ನಕ್ಷೆಯಲ್ಲಿ ಎರಡೂ ಕಿಲ್. ಹಾಗಾದರೆ ಕಿಲ್‌ಮೋರ್ ದೊಡ್ಡ ಚರ್ಚೋ, ದೊಡ್ಡ ಕಾಡೋ? ಎರಡೂ ಥರದ ಕಿಲ್‌ಮೋರ್‌ಗಳಿವೆ. ಆ ಊರಿನವರು ಹೇಗೆ ಅನ್ನುತ್ತಾರೆ ಅಂತ ಕೇಳಬೇಕು, ಹಳೆಯ ದಾಖಲೆ ತೆಗೆದು ನೋಡಬೇಕು. ಸುಮ್ನೆ ಚಂದದ ಕಥೆ ಹೆಣೆದು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಆ ನಕ್ಷೆಗಳು ಮುಗಿದದ್ದು 1846ರಲ್ಲಿ. ಅದರ ಹಿಂದಿನ ವರ್ಷವೇ ಆಲೂಗಡ್ಡೆಗೆ ರೋಗ ಬಿದ್ದಿತ್ತು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ಕಾಯಿಲೆಯಿಂದ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ಐರಿಷ್ ಮಾತಾಡುವ ಪಶ್ಚಿಮ ಕರಾವಳಿಗೇ ಜಾಸ್ತಿ ಪೆಟ್ಟು. ಸ್ವಲ್ಪ ತಡವಾಗಿದ್ದರೆ ಎಷ್ಟೋ ಕಡೆ ಹೆಸರು ಹೇಳುವವರೇ ಇರುತ್ತಿರಲಿಲ್ಲ.

ಟೌನ್‌ಲ್ಯಾಂಡುಗಳೇನೋ ಉಳಿದವು. ನನ್ನ ಚಿಂತೆ ಅದಕ್ಕಿಂತ ಚಿಕ್ಕ ಹೆಸರುಗಳದ್ದು. ದೋಣಿ ತಿರುಗಿಸಲು ಗುರುತು ಹಿಡಿಯುವ ಬಂಡೆ, ಅಲೆ ನುಗ್ಗುವ ಸಂದು, ಕುರಿ ಮೇಯುವ ಇಳಿಜಾರು. ಅವಕ್ಕೆ ಯಾವ ಸರ್ಕಾರವೂ ತೆರಿಗೆ ಹಾಕಲಿಲ್ಲ. ಹಾಗಾಗಿ ಎಷ್ಟೋ ಹೆಸರು ಯಾವ ಪುಸ್ತಕಕ್ಕೂ ಬರಲಿಲ್ಲ. ದೂನ್ ಖೀನ್ ಎದುರಿನ ದೊಡ್ಡ ಬ್ಲಾಸ್ಕೆಟ್ ದ್ವೀಪದಲ್ಲಿ ಉಳಿದಿದ್ದ ಕೊನೆಯ ಕುಟುಂಬಗಳನ್ನು 1953ರಲ್ಲಿ ಈಚೆ ದಡಕ್ಕೆ ತಂದರು. ದಿನಾ ಆ ಬಂಡೆಗಳ ನಡುವೆ ಓಡಾಡುವ ಜನ ಹೋದ ಮೇಲೆ ಆ ಹೆಸರುಗಳನ್ನು ಕೂಗುವವರು ಯಾರು?

ಈಗ ಲಾಗನಿಮ್ ಅನ್ನುವ ಜಾಲತಾಣವಿದೆ, 2008ರಿಂದ. ಐರಿಷ್ ರೂಪ, ಹಳೆಯ ದಾಖಲೆಯ ರೂಪ, ಎಷ್ಟೋ ಹೆಸರಿಗೆ ಉಚ್ಚಾರಣೆಯ ಧ್ವನಿಯೂ ಸಿಗುತ್ತದೆ. ಬಹಳ ಒಳ್ಳೆಯ ಕೆಲಸ. ಕಡಲ ಬದಿಯ ಹೆಸರು ಬರೆದುಕೊಳ್ಳಲು ಹೊರಟವರಿಗೆ ನನ್ನದೊಂದೇ ಕೋರಿಕೆ. ಹೇಳುವವರ ದನಿ ಹಿಡಿದಿಡಿ, ಅವರು ಎಲ್ಲಿ ನಿಂತು ಕೈ ತೋರಿಸಿದರು ಅನ್ನುವುದನ್ನೂ ಬರೆಯಿರಿ. 'ಸತ್ತ ಮನುಷ್ಯ'ದ ಮುಂದೆ 'ದೂನ್ ಖೀನ್ ದಡದಿಂದ ಕಂಡಂತೆ' ಅಂತ ಒಂದು ಸಾಲು ಇರಲಿ.