ಸೈನಿಕರು ಬಂದರು, ನಮ್ಮ ಬೀದಿಯ ಪೊಲೀಸರೆಲ್ಲಿ?

ಇವತ್ತು, 2017ರ ಮೇ 25, ಮಧ್ಯಾಹ್ನ ಲಂಡನ್ನಿನಲ್ಲಿ ಪ್ರಧಾನಿ ಮನೆಯಿರುವ ಡೌನಿಂಗ್ ಸ್ಟ್ರೀಟ್ ಹತ್ತಿರ ಬಸ್ಸು ಇಳಿದೆ. ದಿನಾ ಪೊಲೀಸರಷ್ಟೇ ಇರುತ್ತಿದ್ದ ಗೇಟಿನಲ್ಲಿ ಸೈನಿಕರೂ ಇದ್ದರು. ಒಬ್ಬ ಹುಡುಗನಿಗೆ ಇಪ್ಪತ್ತು ದಾಟಿದ್ದರೆ ಹೆಚ್ಚು. ಎದೆಗಡ್ಡ ದೊಡ್ಡ ಬಂದೂಕು. ಬಿಸಿಲು ಜೋರಾಗಿತ್ತು. ಕಿವಿ ಪಕ್ಕದಿಂದ ಬೆವರು ಇಳಿದು ಕಾಲರ್ ಒದ್ದೆಯಾಗಿತ್ತು. ಎರಡು ಕೈಯೂ ಬಂದೂಕಿನ ಮೇಲೆ, ಒರೆಸಿಕೊಳ್ಳುವ ಹಾಗೂ ಇಲ್ಲ. ಎದುರಿಗೆ ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. "ಈಗ ಜೀವಕ್ಕೆ ಸಮಾಧಾನ ಆಯ್ತು" ಅಂತ ಪಕ್ಕದಲ್ಲಿದ್ದ ಹೆಂಗಸು ಹೇಳಿದರು.

ಮನೆಗೆ ಬಂದರೆ ವಾಟ್ಸಾಪ್ ಗ್ರೂಪಿನಲ್ಲೂ ಅದೇ ಮಾತು, ಚಪ್ಪಾಳೆ, ಸೆಲ್ಯೂಟ್. ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ "ಮಿಲಿಟರಿ ಇಳಿಸಿದಾರಂತೆ, ಇನ್ನು ಭಯ ಇಲ್ಲ ಅಲ್ವೇನೇ ಪುಟ್ಟಿ?" ಅಂದರು. ಅಮ್ಮನಿಗೆ ಹೂಂ ಅಂದೆ. ನಿಮಗೆ ಹೂಂ ಅನ್ನಲು ಆಗುತ್ತಿಲ್ಲ.

ಸೋಮವಾರ ರಾತ್ರಿ ಮ್ಯಾಂಚೆಸ್ಟರ್‌ನಲ್ಲಿ ಹಾಡಿನ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬಾಂಬ್ ಸಿಡಿದು 22 ಜನ ಸತ್ತರು. ಅದರಲ್ಲಿ ಎಂಟು ವರ್ಷದ ಮಗುವೂ ಇದೆ. ಮಂಗಳವಾರ ರಾತ್ರಿ ಪ್ರಧಾನಿ ಅಪಾಯದ ಮಟ್ಟವನ್ನು 'ಕ್ರಿಟಿಕಲ್'ಗೆ ಏರಿಸಿದ್ದನ್ನು ತಿಳಿಸಿದರು. ಅಂದರೆ ಇನ್ನೊಂದು ದಾಳಿ ಯಾವ ಗಳಿಗೆಯಲ್ಲಾದರೂ ಆಗಬಹುದು. 2006, 2007 ಬಿಟ್ಟರೆ ಹೀಗೆ ಏರಿಸಿದ್ದೇ ಇಲ್ಲ. ಮೊದಲ ಕಂತಿನಲ್ಲಿ 984 ಸೈನಿಕರು ಬಂದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗನಿಗೆ ಯಾರಾದರೂ ಒಂದು ಬಾಟಲಿ ನೀರು ಕೊಟ್ಟರೆ ಸಾಕು ಅನ್ನಿಸಿತ್ತು.

ನನ್ನ ಸಿಟ್ಟು ಬೇರೆ. ನಮ್ಮ ಬೀದಿಯ ಪೊಲೀಸರು ಎಲ್ಲಿ ಹೋದರು?

ನಾನು ಈ ಊರಿಗೆ ಬಂದದ್ದು 2005ರಲ್ಲಿ, ಟ್ಯೂಬ್ ಅನ್ನುವ ನೆಲದಡಿಯ ರೈಲಿನಲ್ಲಿ ಮತ್ತು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತ ವರ್ಷ. ಆಮೇಲಿನ ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಇಬ್ಬರು ಪೊಲೀಸರು ನಡೆದುಕೊಂಡೇ ಓಡಾಡುತ್ತಿದ್ದರು. ಕೈಯಲ್ಲಿ ಬಂದೂಕಿಲ್ಲ. ಒಬ್ಬಾಕೆಗೆ ನನ್ನ ಮಗಳ ಹೆಸರು ಗೊತ್ತಿತ್ತು. ಮೂಲೆ ಅಂಗಡಿಯವರ ಜೊತೆ, ಮಸೀದಿಯಿಂದ ಬರುವ ಅಜ್ಜಂದಿರ ಜೊತೆ ನಿಂತು ಮಾತಾಡುತ್ತಿದ್ದರು. ಯಾವ ಮನೆಯ ಹುಡುಗ ಶಾಲೆ ಬಿಟ್ಟ, ಯಾರು ಇದ್ದಕ್ಕಿದ್ದಂತೆ ಯಾರೊಂದಿಗೂ ಮಾತಾಡುತ್ತಿಲ್ಲ, ಇಂಥದ್ದೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಈಗ ಅವರಿಲ್ಲ. ಠಾಣೆಯೂ ಮುಚ್ಚಿದೆ. 2010ರಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 20,000 ಪೊಲೀಸರು ಕಮ್ಮಿಯಾಗಿದ್ದಾರೆ. ಮಗ ದಾರಿ ತಪ್ಪುತ್ತಿದ್ದಾನೆ ಅಂತ ತಾಯಿಯೊಬ್ಬಳಿಗೆ ಅನುಮಾನ ಬಂದರೆ ಅವಳು ಅದನ್ನು ಯಾರ ಹತ್ತಿರ ಹೇಳಬೇಕು? ಡೌನಿಂಗ್ ಸ್ಟ್ರೀಟ್ ಗೇಟಿನ ಸೈನಿಕನ ಹತ್ತಿರವಾ?

"ಹಾಗಾದರೆ ಕೈಕಟ್ಟಿ ಕೂರಬೇಕಿತ್ತಾ? ಸೈನಿಕರು ಕಾವಲಿಗೆ ನಿಂತರೆ ಬಂದೂಕು ಇರುವ ಪೊಲೀಸರು ಬೇರೆ ಕೆಲಸಕ್ಕೆ ಸಿಗುತ್ತಾರೆ" ಅಂತ ಗೆಳೆಯರೊಬ್ಬರು ವಾದಿಸಿದರು. ಸರಿ, ನಾಲ್ಕು ದಿನದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಆ ಪೊಲೀಸರ ಸಂಖ್ಯೆಯೂ 2010ರ ನಂತರ ಇಳಿದದ್ದೇ ಅಲ್ವಾ? ಪ್ಯಾರಿಸ್ ನೋಡಿ. 2015ರ ಜನವರಿಯಿಂದಲೇ ಅಲ್ಲಿ ಸಾವಿರಾರು ಸೈನಿಕರು ಬೀದಿಯಲ್ಲಿದ್ದರು. ಅದೇ ವರ್ಷ ನವೆಂಬರ್ 13ರ ರಾತ್ರಿ 130 ಜನರ ಜೀವ ಹೋಯಿತು. ಎರಡು ವರ್ಷ ದಾಟಿದೆ, ಸೈನಿಕರು ಇನ್ನೂ ಅಲ್ಲೇ ಇದ್ದಾರೆ. ವಾಪಸ್ ಕಳಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಿನ್ನೆ ಸಂಜೆ ಟ್ಯೂಬಿನಲ್ಲಿ ನನ್ನ ಎದುರು ಒಬ್ಬ ಹುಡುಗ ಕೂತಿದ್ದ. ಗಡ್ಡ, ತೊಡೆಯ ಮೇಲೆ ದೊಡ್ಡ ಬ್ಯಾಗು. ಮುಂದಿನ ಸ್ಟೇಷನ್ನಿನಲ್ಲಿ ನಾನು ಇಳಿದು ಬೇರೆ ಬೋಗಿ ಹತ್ತಿದೆ. ಅವನು ನೋಡಿದ. ಯಾಕೆ ಇಳಿದೆ ಅನ್ನುವುದು ಅವನಿಗೆ ಗೊತ್ತಾಯಿತು. ಆ ಮುಖ ರಾತ್ರಿಯಿಡೀ ಕಣ್ಣೆದುರಿಗಿತ್ತು. ಇದೇ ಊರಲ್ಲಿ ನನ್ನ ಬ್ಯಾಗನ್ನೂ ಜನ ಹಾಗೇ ನೋಡಿದ್ದಾರೆ, ಎಷ್ಟೋ ಸಲ.

2007ರಲ್ಲಿ ಗ್ಲಾಸ್ಗೋ ವಿಮಾನ ನಿಲ್ದಾಣದ ದಾಳಿಯಾದಾಗ ಬೆಂಗಳೂರಿನಲ್ಲಿ ಓದಿದ ಡಾ. ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾದಲ್ಲಿ ಹಿಡಿದು ಕೂರಿಸಿದ್ದರು. ಸಂಬಂಧಿಗೆ ಒಂದು ಸಿಮ್ ಕಾರ್ಡ್ ಬಿಟ್ಟುಬಂದಿದ್ದರು, ಅಷ್ಟೇ. ಹಿಡಿದ ತಿಂಗಳೊಳಗೇ ಕೇಸು ಬಿದ್ದುಹೋಯಿತು. ಆಗ ನಾವೆಲ್ಲ ಎಷ್ಟು ಕೊತಕೊತ ಕುದಿದಿದ್ದೆವು! ಈಗ ನಾನೇ ಬೋಗಿ ಬದಲಿಸಿದೆ. ಸ್ಟೇಷನ್ನು ಸ್ಟೇಷನ್ನಿನಲ್ಲಿ ಬಂದೂಕು ನೋಡಿ ನೋಡಿ ನನ್ನ ಭಯ ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು.

ನನಗೆ ಧೈರ್ಯ ಬಂದದ್ದು ಮ್ಯಾಂಚೆಸ್ಟರ್ ಜನರನ್ನು ನೋಡಿ. ಆ ರಾತ್ರಿ ಟ್ಯಾಕ್ಸಿಯವರು ದುಡ್ಡು ತೆಗೆದುಕೊಳ್ಳದೆ ಮಕ್ಕಳನ್ನು ಮನೆ ತಲುಪಿಸಿದರು. ಗುರುತಿಲ್ಲದವರಿಗೆ ಜನ ಮನೆ ಬಾಗಿಲು ತೆರೆದರು. ರಕ್ತ ಕೊಡಲು ಸಾಲು ನಿಂತರು. ಇವತ್ತು ಬೆಳಿಗ್ಗೆ 11ಕ್ಕೆ ಒಂದು ನಿಮಿಷದ ಮೌನ ಮುಗಿದಾಗ ಸೇಂಟ್ ಆನ್ಸ್ ಚೌಕದಲ್ಲಿ ಒಬ್ಬ ಹೆಂಗಸು ಹಾಡು ಶುರು ಮಾಡಿದಳು, ಗುಂಪು ಮೆಲ್ಲಗೆ ದನಿ ಸೇರಿಸಿತು. ಟೀವಿ ಮುಂದೆ ನಿಂತು ಅತ್ತುಬಿಟ್ಟೆ.

ಜೂನ್ 8ಕ್ಕೆ ಚುನಾವಣೆ. ದಾಳಿಯಿಂದಾಗಿ ನಿಂತಿರುವ ಪ್ರಚಾರ ಮತ್ತೆ ಶುರುವಾಗುತ್ತದೆ, ಯಾವುದೋ ಪಕ್ಷದವರು ನಮ್ಮ ಮನೆ ಬಾಗಿಲಿಗೂ ಬರುತ್ತಾರೆ. ಯಾವ ಪಕ್ಷವಾದರೂ ಸರಿ, ನಾನು ಕೇಳುವುದು ಒಂದೇ. ನಮ್ಮ ಬೀದಿಯ ಆ ಇಬ್ಬರನ್ನು ಯಾವಾಗ ವಾಪಸ್ ಕಳಿಸುತ್ತೀರಿ? ನಿಮ್ಮ ಮನೆಗೂ ಬಂದರೆ ದಯವಿಟ್ಟು ನೀವೂ ಕೇಳಿ.