ಹಿಡಿದ ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡಿ

ಕಾವೇರಿಯಲ್ಲಿ ಬಲೆ ಬೀಸುವವರು, ಗಾಳ ಹಾಕುವವರು, ಭಾನುವಾರ ಬಂತೆಂದರೆ ಮೊಣಕಾಲುದ್ದ ನೀರಿಗಿಳಿದು ಜಿಲೇಬಿ ಮೀನು ಹಿಡಿಯುವ ಹುಡುಗರು ದಯವಿಟ್ಟು ಪೂರ್ತಿ ಓದಿ. ರಂಗನತಿಟ್ಟಿನ ಬಂಡೆಗಳ ಮೇಲೆ ಮೊಸಳೆ ಬಿಸಿಲು ಕಾಯಿಸುವುದನ್ನು ದೋಣಿಯಲ್ಲಿ ಕೂತು ಎಲ್ಲರೂ ನೋಡಿದ್ದೇವೆ. ಅವು ಅಲ್ಲೇ ಇರುತ್ತವೆ ಅಂದುಕೊಳ್ಳಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟು ಹೊಳೆ ತುಂಬಿದಾಗ ಕೆಳಗಿನ ಮಡುಗಳಿಗೂ ನಾಲೆಗಳಿಗೂ ಬರುತ್ತವೆ.

ನಮ್ಮ ಹೊಳೆಯ ಮಗ್ಗರ್ ಜಾತಿಯ ಮೊಸಳೆಗೆ ಮೀನೇ ಮುಖ್ಯ ಆಹಾರ. ಅದು ಬರುವುದು ನಮಗಲ್ಲ, ನಾವು ಹಿಡಿದ ಮೀನಿಗೆ. ಕಿವಿರಿಗೆ ದಾರ ಪೋಣಿಸಿ, ಸೊಂಟಕ್ಕೆ ಕಟ್ಟಿ, ನೀರಲ್ಲೇ ಬಿಟ್ಟುಕೊಳ್ಳುವ ರೂಢಿ ಇದೆಯಲ್ಲ, ಮೊದಲು ಅದು ಹೋಗಬೇಕು. ಮೀನು ತಾಜಾ ಇರುತ್ತದೆ, ಎರಡೂ ಕೈ ಖಾಲಿ ಸಿಗುತ್ತವೆ, ನಿಜ. ಆದರೆ ದಾರದಲ್ಲಿರುವ ಮೀನು ಒದ್ದಾಡುತ್ತಲೇ ಇರುತ್ತದೆ. ಮೊಸಳೆಯ ದವಡೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆಗಳಿವೆ. ಕಗ್ಗತ್ತಲಲ್ಲೂ ನೀರಿನ ಸಣ್ಣ ಅಲುಗಾಟವನ್ನು ಅವು ಹಿಡಿಯುತ್ತವೆ. ಒದ್ದಾಟ ಎಲ್ಲಿದೆಯೋ ಅಲ್ಲಿಗೆ ಮೊಸಳೆ ಬಾಯಿ ಹಾಕುತ್ತದೆ. ಅಲ್ಲಿ ನಿಮ್ಮ ತೊಡೆ ಇರುತ್ತದೆ. ಸಮುದ್ರದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವ ಅನೇಕರೂ ಶಾರ್ಕ್‌ಗೆ ಹೆದರಿ ಹೊಡೆದ ಮೀನನ್ನು ಮೈಗೆ ಕಟ್ಟಿಕೊಳ್ಳುವುದಿಲ್ಲ. ಉದ್ದ ಹಗ್ಗದ ತುದಿಯಲ್ಲಿ ತೇಲುವ ಬುರುಡೆಗೆ ಸಿಕ್ಕಿಸುತ್ತಾರೆ, ಇಲ್ಲವೇ ನೇರ ದೋಣಿಗೆ ಹಾಕುತ್ತಾರೆ. ನಮಗೆ ಅಷ್ಟೂ ಬೇಡ. ನೀರಿನಿಂದ 10–15 ಅಡಿ ಹಿಂದೆ, ದಡದ ಮೇಲೆ, ಅರ್ಧ ನೀರು ತುಂಬಿದ ಮುಚ್ಚಳದ ಬಕೆಟ್ ಇಟ್ಟರೆ ಸಾಕು.

ಬೀಸುಬಲೆಯ ಹಗ್ಗದ ಕಡೆಗೂ ಗಮನ ಇರಲಿ. ಮಣಿಕಟ್ಟಿಗೆ ಜೀರುಗುಣಿಕೆ ಬಿಗಿದುಕೊಂಡು ಬೀಸುತ್ತಾರೆ. ಬಲೆಯೊಳಗಿನ ಮೀನಿಗೆ ಮೊಸಳೆ ಬಾಯಿ ಹಾಕಿದರೆ ಹಲ್ಲಿಗೆ ನೂಲು ಸಿಕ್ಕಿಕೊಳ್ಳುತ್ತದೆ, ಅದು ಗಾಬರಿಯಾಗಿ ಆಳಕ್ಕೆ ಎಳೆಯುತ್ತದೆ, ಒದ್ದೆ ನೈಲಾನ್ ಎಳೆದಷ್ಟೂ ಬಿಗಿಯುತ್ತದೆ. ಬಿಗಿಯದಂಥ ಗಂಟು ಹಾಕಿ, ಮುಷ್ಟಿ ಮಡಿಚಿದರೂ ಸಲೀಸಾಗಿ ಆಚೆ ಬರುವಷ್ಟು ಅಗಲದ ಕುಣಿಕೆ ಮಾಡಿಕೊಳ್ಳಿ. ಬಲೆ ಹೋದರೆ ಹೋಗಲಿ. ಬೀಸುವುದಾದರೆ ಎತ್ತರದ ಬಂಡೆಯಿಂದಲೋ ಹರಿಗೋಲಿನಿಂದಲೋ ಬೀಸಿ. ರಾತ್ರಿ ಕಟ್ಟಿದ ಬಲೆಯನ್ನು ಬೆಳಕು ಹರಿದ ಮೇಲೆ, ಹರಿಗೋಲಲ್ಲಿ ಇಬ್ಬರಿದ್ದು ಎತ್ತಿ. ಒಬ್ಬನ ಕೈಯಲ್ಲಿ ಹುಟ್ಟು ಇರಲೇಬೇಕು. ಬಲೆ ದಿಮ್ಮಿಯ ಹಾಗೆ ಭಾರವಾಗಿ ಸುತ್ತಿಕೊಳ್ಳತೊಡಗಿದರೆ ಒಳಗೆ ಮೊಸಳೆ ಸಿಕ್ಕಿರಬಹುದು, ಹಗ್ಗ ಬಿಟ್ಟು ದೂರ ಸರಿದು ಅರಣ್ಯ ಇಲಾಖೆಗೆ ಫೋನ್ ಮಾಡಿ. ಉಸಿರಿಗೆ ಮೇಲೆ ಬರಲಾಗದೆ ಮೊಸಳೆ ಬಲೆಯಲ್ಲೇ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿರುವ ಪ್ರಾಣಿ ಅದು, ಹೊಡೆದು ಬಿಡಿಸಿಕೊಳ್ಳುವ ಯೋಚನೆ ಬೇಡ.

ಇಳಿಯುವ ಮುನ್ನ ದಡದ ಕೆಸರು ನೋಡಿ. ಹೊಟ್ಟೆ ಎಳೆದ ಅಗಲವಾದ ನುಣುಪು ಜಾಡು, ನಡುವೆ ಬಾಲದ ಗೆರೆ, ಎರಡೂ ಬದಿಗೆ ಹೆಜ್ಜೆ: ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಜಾಡಿನ ಅಂಚು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದರೆ ಅದು ಈಗಷ್ಟೇ ನೀರಿಗೆ ಜಾರಿದೆ, ಆ ದಿನ ಆ ಜಾಗ ಬಿಟ್ಟುಬಿಡಿ. ಮಬ್ಬಾದ ಮೇಲೆ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೀರಿನ ಮೇಲೆ ಆಡಿಸಿದರೆ ಅದರ ಕಣ್ಣು ಕೆಂಡದ ಹಾಗೆ ಕೆಂಪಗೆ ಕಾಣುತ್ತದೆ. ಕಾಣಲಿಲ್ಲ ಎಂದು ಇಳಿಯಬೇಡಿ, ಮುಳುಗಿಯೇ ಬಹಳ ಹೊತ್ತು ಇರಬಲ್ಲದು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೂ ನಡುಗಡ್ಡೆಯ ಮರಳುದಿಬ್ಬಗಳ ಹತ್ತಿರ ಸುಳಿಯಬೇಡಿ. ಮರಳಲ್ಲಿ ಮೊಟ್ಟೆ ಹೂತಿಟ್ಟು ತಾಯಿ ಪಕ್ಕದಲ್ಲೇ ಕಾಯುತ್ತಿರುತ್ತದೆ.

ಒಬ್ಬ ಇಷ್ಟೆಲ್ಲ ಜಾಗ್ರತೆ ವಹಿಸಿ, ಇನ್ನೊಬ್ಬ ಪಕ್ಕದ ಸೇತುವೆ ಮೇಲಿಂದ ಕೋಳಿ ಅಂಗಡಿಯ ಮೂಟೆ ಸುರಿದರೆ ಏನು ಬಂತು? ರೆಕ್ಕೆಪುಕ್ಕ, ಕರುಳು, ಮೀನಿನ ತಲೆ ದಿನಾ ಒಂದೇ ಕಡೆ, ಒಂದೇ ಹೊತ್ತಿಗೆ ಬೀಳುತ್ತಿದ್ದರೆ ಮೊಸಳೆ ಆ ಜಾಗ ಕಲಿತುಬಿಡುತ್ತದೆ. ಆ ಸೇತುವೆ ಪಕ್ಕದ ಸೋಪಾನದಲ್ಲೇ ಬೆಳಿಗ್ಗೆ ಹೆಂಗಸರು ಬಟ್ಟೆ ಒಗೆಯುತ್ತಾರೆ, ಮಕ್ಕಳು ಈಜುತ್ತಾರೆ. ಹೊಳೆಗೆ ಕಸ ಸುರಿಯುವವರ ಮೇಲೆ ಪಂಚಾಯಿತಿಗಳು ದಂಡ ಹಾಕಲೇಬೇಕು. ಮೀನು ಕೊಯ್ಯುವುದು ದಡದಿಂದ ದೂರ ಆಗಲಿ, ಕರುಳನ್ನು ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಮುಚ್ಚಿ. ಮೀನು ಕೊಲ್ಲಲು ನೀರಲ್ಲಿ ತೋಟೆ (ಸಿಡಿಮದ್ದು) ಸಿಡಿಸುವುದಂತೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಸತ್ತು ತೇಲುವ ಮೀನು ಆಯಲು ಧುಮುಕುವವರ ಸುತ್ತ ಊಟ ಹರಡಿರುತ್ತದೆ. ಶ್ರೀಲಂಕಾದ ನದಿಗಳಲ್ಲಿ ಸ್ನಾನದ ಜಾಗಕ್ಕೆ ನೀರೊಳಗೇ ಬೇಲಿ ಕಟ್ಟುತ್ತಾರೆ, ‘ಕಿಂಬುಲ ಕೊಟುವ’ ಅಂತ ಹೆಸರು. ನಮ್ಮ ಊರುಗಳ ಸೋಪಾನಗಳಿಗೂ ಅಂಥ ಕಬ್ಬಿಣದ ಜಾಲರಿ ಹಾಕಿಸಬಹುದು. ಪ್ರವಾಹ ಬಂದಾಗ ಮುರಿಯುತ್ತದೆ, ಪ್ರತಿವರ್ಷ ರಿಪೇರಿಗೆ ದುಡ್ಡು ಇಡಬೇಕು. ಜೀವದ ಮುಂದೆ ಅದೇನೂ ದೊಡ್ಡ ಖರ್ಚಲ್ಲ.

ಮೊಸಳೆ ಹಿಡಿದೇಬಿಟ್ಟರೆ ಕೈಕಾಲು ಜಗ್ಗಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಣ್ಣಿಗೆ ಹೆಬ್ಬೆರಳು ತುರುಕಿ, ಮೂತಿಯ ತುದಿಗೆ ಬಲವಾಗಿ ಗುದ್ದಿ. ದಡದಲ್ಲಿರುವವರು ನೀರಿಗೆ ಹಾರದೆ ಬಿದಿರು ಗಳ, ಹಗ್ಗ ಚಾಚಿ. ಆಚೆ ಬಂದ ಮೇಲೆ ರಕ್ತ ಚಿಮ್ಮುತ್ತಿದ್ದರೆ ಮೊದಲು ಶುಭ್ರ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಗಾಯ ಚಿಕ್ಕದಿದ್ದರೆ ಸೋಪು, ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆದರೂ ಆಸ್ಪತ್ರೆಗೆ ಹೋಗಲೇಬೇಕು. ಹಲ್ಲಿನ ತೂತು ಹೊರಗೆ ಸಣ್ಣದು, ಒಳಗೆ ಆಳ, ಕೀವು ಕಟ್ಟುತ್ತದೆ. ಧನುರ್ವಾಯು ಚುಚ್ಚುಮದ್ದು, ಆಂಟಿಬಯೋಟಿಕ್ ಎರಡೂ ಬೇಕಾಗುತ್ತವೆ. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಡಾಕ್ಟರು ಅದನ್ನೆಲ್ಲ ಕೆರೆದು ತೆಗೆದ ಮೇಲೆಯೇ ಗಾಯ ನೋಡಬೇಕಾಗುತ್ತದೆ.