ಹಡಗಿಗೆ ಗಡಿಯಾರ ಇದೆ, ನಮ್ಮ ಲಾರಿಗೆ ಇಲ್ವಾ?

ನಿನ್ನೆ ರಾತ್ರಿ ಬಿಲ್ ಬಂತು. ಬಂದರಿನವರ ಗ್ರೌಂಡ್ ರೆಂಟ್, ಅಂದರೆ ಕಂಟೇನರ್ ಇಟ್ಟ ಜಾಗದ ಬಾಡಿಗೆ ಒಂದು, ಹಡಗು ಕಂಪನಿಯ ಡಿಟೆನ್ಷನ್, ಅಂದರೆ ಅವರ ಕಂಟೇನರ್ ತಡವಾಗಿ ವಾಪಸ್ ಕೊಟ್ಟದ್ದಕ್ಕೆ ದಂಡ ಇನ್ನೊಂದು. ಅದೇ ಕಂಟೇನರ್, ಅದೇ ನಾಲ್ಕು ದಿನ, ಬಿಲ್ ಮಾತ್ರ ಎರಡು. ಎರಡನೆಯದು ಡಾಲರ್ ಲೆಕ್ಕದಲ್ಲಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಯಾವ ಬಂದರು ಅಂತ ಕೇಳಬೇಡಿ, ಮುಂದಿನ ತಿಂಗಳು ಮತ್ತೆ ಅದೇ ಕಿಟಕಿ ಮುಂದೆ ನಿಲ್ಲಬೇಕು ನಾನು.

ನಮ್ಮದು ಸಣ್ಣ ಗೇರುಬೀಜದ ಫ್ಯಾಕ್ಟರಿ. ಊರಿನ ಬೀಜ ವರ್ಷಪೂರ್ತಿ ಸಾಲುವುದಿಲ್ಲ, ಆಫ್ರಿಕಾದಿಂದ ತರಿಸಲೇಬೇಕು. ಈ ಸಲ ಪಶ್ಚಿಮ ಆಫ್ರಿಕಾದ ಮಾಲು, 20 ಅಡಿ ಕಂಟೇನರ್, 80 ಕೆಜಿಯ 200 ಗೋಣಿ. ಡ್ಯೂಟಿ ಕಟ್ಟಿದ್ದಾಯ್ತು, ರೋಗ, ಕೀಟ ಇದೆಯಾ ಅಂತ ನೋಡೋ ಪ್ಲಾಂಟ್ ಕ್ವಾರಂಟೈನ್‌ನವರು ಸ್ಯಾಂಪಲ್ ತೆಗೆದದ್ದಾಯ್ತು, ಹಡಗು ಕಂಪನಿಯಿಂದ ಮಾಲು ಬಿಡಿ ಅನ್ನೋ ಡೆಲಿವರಿ ಆರ್ಡರ್ ಕೂಡ ಕೈಗೆ ಬಂತು. ಸುಳ್ಳು ಯಾಕೆ ಹೇಳಲಿ, ಕಸ್ಟಮ್ಸ್ ಕೆಲಸ ಈ ಸಲ ಚಕಚಕ ಅಂತ ಮುಗಿಯಿತು. ಬಾಡಿಗೆ ಬೀಳದ ಫ್ರೀ ಡೇಸ್ ಇನ್ನೂ ಎರಡು ದಿನ ಬಾಕಿ ಇತ್ತು.

ಬೆಳಿಗ್ಗೆ 7ಕ್ಕೆ ಟ್ರೈಲರ್ ಗೇಟಿಗೆ ಹೋಯ್ತು. ಮೊದಲು ಸರ್ವರ್ ಡೌನ್. ಆಮೇಲೆ ಒಳಗೆ ಬಿಟ್ಟರು, ನೋಡಿದರೆ ನಮ್ಮ ಡಬ್ಬಿ ಅಡಿಯಲ್ಲಿ, ಮೇಲೆ ಇನ್ನು ಮೂರು. ಅವನ್ನು ಇಳಿಸೋಕೆ ರೀಚ್ ಸ್ಟ್ಯಾಕರ್, ಅಂದರೆ ಕಂಟೇನರ್ ಎತ್ತಿ ಇಳಿಸೋ ಗಾಡಿ ಬೇಕು, ಇರೋದು ಎರಡು, ಒಂದು ಕೆಟ್ಟು ನಿಂತಿದೆ, ಇನ್ನೊಂದು ಹಡಗಿನ ಕೆಲಸಕ್ಕೆ ಹೋಗಿದೆ. ಹಡಗು ಮುಗಿಯಲಿ ಅಂದರು. ಸಾಯಂಕಾಲ ಕೇಳಿದರೆ ಶಿಫ್ಟ್ ಬದಲಾಯ್ತು ಅಂದರು. ಮರುದಿನ ಭಾನುವಾರ. ಸೋಮವಾರ ಮತ್ತೆ ಹೊಸದಾಗಿ ಕ್ಯೂ. ಹೀಗೆ ಫ್ರೀ ಡೇಸ್ ಮುಗಿದು, ಮೇಲೆ ನಾಲ್ಕು ದಿನ ಹೋಯ್ತು. ನಮ್ಮ ಡ್ರೈವರ್‌ಗೆ ಸಾಲು ಬಿಟ್ಟು ಹೋಗೋ ಹಾಗಿಲ್ಲ, ಹೋದರೆ ಹಿಂದಿನವನು ನುಗ್ಗುತ್ತಾನೆ. ಆ ಉದ್ದಕ್ಕೂ ಒಂದು ಶೌಚಾಲಯ ಇದೆ, ಅದಕ್ಕೂ ಬೀಗ. ಬೀಗದ ಕೀ ಯಾರ ಹತ್ರ ಇದೆ ಅಂತ ಕೇಳಿದ್ದಕ್ಕೆ ಸೆಕ್ಯುರಿಟಿಯವನು ನಕ್ಕನಂತೆ.

ಕೊನೆಗೂ ಫ್ಯಾಕ್ಟರಿಗೆ ಬಂದ ಕಂಟೇನರ್ ಬಾಗಿಲು ತೆಗೆದಾಗ ಮುಖಕ್ಕೆ ಬಿಸಿ ಹಬೆ ಹೊಡೆಯಿತು. ಬಿಸಿಲಲ್ಲಿ ತಗಡು ಕಾದು, ಬೀಜದ ತೇವವೆಲ್ಲ ಮೇಲೆದ್ದು, ಚಾವಣಿಯಿಂದ ತೊಟ್ಟು ತೊಟ್ಟಾಗಿ ಕೆಳಗೆ ಬೀಳ್ತಾ ಇತ್ತು. ಮೇಲಿನ ಸಾಲಿನ ಗೋಣಿ ಮುಟ್ಟಿದರೆ ಕೈ ಒದ್ದೆ. ಒಂದಿಷ್ಟು ಬೀಜ ಕತ್ತರಿಸಿ ತಿರುಳು ನೋಡೋ ಕಟಿಂಗ್ ಟೆಸ್ಟ್ ಮಾಡಿದೆವು. ಅಲ್ಲಿ ತುಂಬುವಾಗ 80 ಕೆಜಿಯ ಚೀಲಕ್ಕೆ 48 ಪೌಂಡ್ ತಿರುಳು ಅಂತಿದ್ದದ್ದು ಇಲ್ಲಿ 45. ಇದು ಪೂರ್ತಿ ಬಂದರಿನದೇ ತಪ್ಪು ಅಂತ ನಾನು ಹೇಳಲ್ಲ, ಸಮುದ್ರದಲ್ಲೂ ಬೆವರುತ್ತೆ. ಆದರೆ ಆ ನಾಲ್ಕು ದಿನ?

ದೂರು ಕೊಡೋಣ ಅಂತ ಆಫೀಸಿಗೆ ಹೋದೆ. ಗೋಡೆ ಮೇಲೆ ಐಎಸ್‌ಒ 9001 ಗುಣಮಟ್ಟದ ಸರ್ಟಿಫಿಕೇಟು, ಗಾಜು ಫಳಫಳ ಹೊಳೀತಾ ಇದೆ. ಕೆಳಗೆ ಸಲಹಾ ಪೆಟ್ಟಿಗೆ, ಬಾಯಿಗೆ ಜೇಡರ ಬಲೆ. ಇಮೇಲ್ ಮಾಡಿ ಅಂದರು, ಮಾಡಿದೆ. ಎರಡು ದಿನಕ್ಕೆ ಉತ್ತರ ಬಂತು, ದೂರು ಪರಿಹರಿಸಲಾಗಿದೆ, ದಯವಿಟ್ಟು ಸ್ಟಾರ್ ಕೊಡಿ. ಏನು ಪರಿಹಾರ ಸ್ವಾಮಿ, ಯಾರಿಗೆ?

ಆ ಸರ್ಟಿಫಿಕೇಟ್ ಬಗ್ಗೆ ನನಗೂ ಸ್ವಲ್ಪ ಗೊತ್ತು, ನಮ್ಮಲ್ಲೂ ಆಡಿಟ್ ನಡೆಯುತ್ತೆ. ಆ ಸ್ಟ್ಯಾಂಡರ್ಡ್‌ನ 10.2ನೇ ಕಲಮಿನಲ್ಲಿ ತಪ್ಪಾದರೆ ಕಾರಣ ಹುಡುಕಿ, ಮತ್ತೆ ಆಗದ ಹಾಗೆ ಮಾಡಿ ಅಂತಲೇ ಇದೆ. ನಾವು ಡಬ್ಲ್ಯು 320 ಅಂತ ತಿರುಳಿನ ಗ್ರೇಡ್ ಪೆಟ್ಟಿಗೆ ಮೇಲೆ ಬರೆದರೆ ಪೌಂಡಿಗೆ 300ರಿಂದ 320 ತಿರುಳು ಇರಬೇಕು, ಖರೀದಿದಾರ ಕೂತು ಎಣಿಸ್ತಾನೆ. ಒಂದು ಕೂದಲು ಸಿಕ್ಕರೆ ಯಾವ ಟೇಬಲ್, ಯಾವ ಶಿಫ್ಟ್, ಯಾರು ಟೋಪಿ ಹಾಕಿರಲಿಲ್ಲ ಅಂತೆಲ್ಲ ಪುಟಗಟ್ಟಲೆ ಬರೆದುಕೊಡಬೇಕು. ಇಲ್ಲಿ ಒಂದು ಮೆಷಿನ್ ಕೆಟ್ಟು ನಿಂತಿದ್ದಕ್ಕೆ ಯಾರೂ ಒಂದು ಸಾಲು ಬರೆಯಲ್ಲ.

ಕೇಳಿದರೆ ದೇಶದ ರ್‍ಯಾಂಕಿಂಗ್ ತೋರಿಸ್ತಾರೆ. ವಿಶ್ವಬ್ಯಾಂಕಿನ 2023ರ ಲಾಜಿಸ್ಟಿಕ್ಸ್ ಪಟ್ಟಿಯಲ್ಲಿ 139 ದೇಶಗಳಲ್ಲಿ ನಾವು 38ನೆಯವರು, ಸಂತೋಷ. ಅದೇ ವಿಶ್ವಬ್ಯಾಂಕ್ ಕಂಟೇನರ್ ಬಂದರುಗಳಿಗೇ ಬೇರೆ ಪಟ್ಟಿ ಮಾಡುತ್ತಲ್ವಾ, ಅದು ಅಳೆಯೋದು ಹಡಗು ಬಂದರಿನಲ್ಲಿ ಎಷ್ಟು ಹೊತ್ತು ಇತ್ತು ಅಂತ. ನನ್ನ ಟ್ರೈಲರ್ ಗೇಟಲ್ಲಿ ಎಷ್ಟು ಹೊತ್ತು ಇತ್ತು ಅನ್ನೋದು ಅದರಲ್ಲಿ ಇಲ್ಲ. ಅದಕ್ಕೇ ಇರೋ ಒಂದು ಸ್ಟ್ಯಾಕರ್ ಹಡಗಿನ ಕಡೆ ಓಡುತ್ತೆ. ಹಡಗು ತಡವಾದರೆ ಅವರಿಗೆ ಮಾರ್ಕ್ಸ್ ಹೋಗುತ್ತೆ, ನಾನು ತಡವಾದರೆ ಅವರಿಗೆ ಬಾಡಿಗೆ ಬರುತ್ತೆ! ಮೆಷಿನ್ ಅವರದ್ದು ಕೆಟ್ಟಿದೆ, ಬಿಲ್ ನನ್ನ ಹೆಸರಿಗೆ. ಅವರಿಂದ ಆದ ತಡದ ದಿನಗಳನ್ನು ಕಳೀರಿ ಅಂದರೆ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ ಅಂತಾರೆ.

ಸ್ಟಾರ್ ಕೊಡೋಕೆ ಹೋದೆ. ಒಂದಕ್ಕಿಂತ ಕಮ್ಮಿ ಒತ್ತೋಕೇ ಆಗಲ್ಲ.

ಮುಂದಿನ ಕಂಟೇನರ್ 12ನೇ ತಾರೀಕಿಗೆ ಬರುತ್ತಂತೆ. ಡ್ರೈವರ್ ಆಗಲೇ ಫೋನ್ ಮಾಡಿದ್ದ, "ಅಣ್ಣಾ, ಈ ಸಲ ಎರಡು ದಿನದ ಬುತ್ತಿ ಕಟ್ಟಿಸಿಕೊಡಿ" ಅಂತ. ಮೂರು ದಿನದ್ದು ಕಟ್ಟಿಸ್ತೀನಿ ಅಂದೆ.